ಒನ್ಸ್ ಮೋರ್ ಸತ್ತ ರಾಕ್ಷಸ

ಸಾಯುವುದರಲ್ಲಿ ನನ್ನನ್ನು ಮೀರಿಸುವವರು ಮುಳಬಾಗಿಲು ತಾಲ್ಲೂಕಿನಲ್ಲೇ ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಬೈರಕೂರಿನ ಆಸುಪಾಸಿನಲ್ಲಿ ಯಾರನ್ನು ಬೇಕಾದರೂ ಕೇಳಿ. ನಮ್ಮೂರ ಪೌರಾಣಿಕ ನಾಟಕದಲ್ಲಿ ರಾಕ್ಷಸನ ಪಾರ್ಟು ಅಂದರೆ ನಾರಾಯಣಸ್ವಾಮಿ, ಅಂದರೆ ನಾನು. ಮದುವೆಗೆ ಮುಂಚೆ ಹಿಡಿದ ಪಾರ್ಟನ್ನು ತಲೆ ನರೆತರೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿಲ್ಲ. ಬಾಣ ತಗಲಿದ ಮೇಲೆ ನಾನು ಕಾಲು ಗಂಟೆ ಸಾಯುತ್ತೇನೆ. ಮೊದಲು ಕೈ ಎದೆಗೆ ಹೋಗುತ್ತದೆ, ಆಮೇಲೆ ಮೊಣಕಾಲು ನೆಲಕ್ಕೆ ಬರುತ್ತದೆ, ಆಮೇಲೆ ಒಂದು ಹಾಡು, ಹಾಡಿನ ನಡುವೆ ಎದ್ದು ನಿಂತು ಇನ್ನೊಂದು ಸಲ ಬೀಳುವುದು. ಅಷ್ಟರಲ್ಲಿ ಬಾಣ ಬಿಟ್ಟವನು ಪರದೆ ಹಿಂದೆ ಹೋಗಿ ಟೀ ಕುಡಿದು ಬಂದಿರುತ್ತಾನೆ.

ನಮ್ಮ ಕಡೆ ನಾಟಕದಲ್ಲಿ ಒಂದು ಪದ್ಧತಿ ಇದೆ. ಸಾವು ಚೆನ್ನಾಗಿ ಬಂತು ಅನ್ನಿಸಿದರೆ ಜನ ‘ಒನ್ಸ್ ಮೋರ್’ ಅಂತ ಕೂಗುತ್ತಾರೆ. ಕೂಗಿದರೆ ಸತ್ತವನು ಎದ್ದು, ಸಭೆಗೆ ಕೈಮುಗಿದು, ಮತ್ತೆ ಸಾಯಬೇಕು. ತೀರಾ ಮೆಚ್ಚಿದವರು ಸ್ಟೇಜು ಹತ್ತಿ ಪಾತ್ರಧಾರಿಯ ಎದೆಗೆ ಒಂದು ನೋಟು ಪಿನ್ನಿನಿಂದ ಚುಚ್ಚಿ ಇಳಿಯುತ್ತಾರೆ. ನನ್ನ ಎದೆ ಅಂಥ ಎಷ್ಟೋ ಪಿನ್ನು ಕಂಡಿದೆ. ನನ್ನ ಹೆಂಡತಿ ರತ್ನಮ್ಮ ಮಾತ್ರ ಈವರೆಗೆ ಒಂದು ನೋಟೂ ಚುಚ್ಚಿದವಳಲ್ಲ. ಮುಂದಿನ ಸಾಲಿನಲ್ಲೇ ಚಾಪೆ ಹಾಸಿಕೊಂಡು ಕೂರುತ್ತಾಳೆ, ನಾನು ಸಾಯುವ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗಿರುತ್ತಾಳೆ. ತಪ್ಪು ಅವಳದಲ್ಲ. ನಮ್ಮದು ರೇಷ್ಮೆ ಸಂಸಾರ. ಬೆಳಿಗ್ಗೆ ಎದ್ದು ಹುಳಕ್ಕೆ ಸೊಪ್ಪು ಹಾಕುವವಳು ಅವಳು, ಅದರ ಬಗ್ಗೆ ಊರಲ್ಲಿ ಮಾತಾಡುವವನು ನಾನು.

ಹೀಗಿರುವಾಗ ಶ್ರೀನಿವಾಸಪುರದ ನಮ್ಮಕ್ಕನ ಮಗಳು ಸುಷ್ಮಾ ಒಂದು ಮಧ್ಯಾಹ್ನ ಬಂದಳು. ಇವಳು ಕೋಲಾರದಲ್ಲಿ ಇಂಜಿನಿಯರಿಂಗ್ ಓದಿ, ಜೊತೆಗೆ ಓದಿದ ತೌಸೀಫನ ಸಂಗಡ ಮುಳಬಾಗಿಲಿನ ಒಂದು ಬೇಕರಿಯ ಮೇಲಿನ ರೂಮಿನಲ್ಲಿ ವಿಡಿಯೋ ಗೇಮ್ ಮಾಡುತ್ತಿದ್ದಳು. ಕೆಳಗೆ ಬನ್ನು ಬೇಯುತ್ತಿರುತ್ತದೆ, ಮೇಲೆ ರಾಕ್ಷಸ ಬೇಯುತ್ತಿರುತ್ತಾನೆ. ನಮ್ಮ ಭಾವನಿಗೆ ಇದು ಒಂದಿಷ್ಟೂ ಹಿಡಿಸಿರಲಿಲ್ಲ. ಮಾವಿನ ಮಂಡಿಯಲ್ಲಿ ಕೂತ ಮನುಷ್ಯ, ಕೈಯಲ್ಲಿ ಹಿಡಿದು ಮೂಸಿ ನೋಡಲಾಗದ ಮಾಲನ್ನು ನಂಬುವವರಲ್ಲ. ಮುಂದಿನ ವಾರ ಗೇಮ್ ನೋಡಲು ಒಂದು ಕಂಪನಿಯವರು ಬರುತ್ತಾರಂತೆ. ಅವರು ಒಪ್ಪಿದರೆ ಸರಿ, ಇಲ್ಲದಿದ್ದರೆ ಮಾರನೇ ದಿನವೇ ನರಸಾಪುರದ ಫ್ಯಾಕ್ಟರಿ ಬಸ್ಸು ಹತ್ತಬೇಕು ಅಂತ ಮಗಳಿಗೆ ಹೇಳಿಬಿಟ್ಟಿದ್ದರು.

ಸುಷ್ಮಾ ಕೇಳಲು ಬಂದದ್ದು ನಮ್ಮ ಹುಳುಮನೆಯನ್ನು. ಆಗಷ್ಟೇ ಗೂಡು ಮಾರಿ, ತೊಳೆದು, ಸುಣ್ಣ ಬಳಿದು ಖಾಲಿ ಬಿಟ್ಟಿದ್ದೆವು. ಒಂದು ದಿನಕ್ಕೆ ಉದ್ದನೆಯ ಜಾಗ ಬೇಕಾಗಿತ್ತು ಅವಳಿಗೆ. ಯಾಕೆ ಅಂತ ಕೇಳಿದೆ. ಗೇಮಿನಲ್ಲಿ ಒಬ್ಬ ರಾಕ್ಷಸ ಇದ್ದಾನೆ, ಅವನು ನಡೆಯಬೇಕು, ಹೊಡೆಯಬೇಕು, ಸಾಯಬೇಕು, ಅದನ್ನೆಲ್ಲ ಕಂಪ್ಯೂಟರಿನಲ್ಲಿ ಕೂತು ಮಾಡಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದಳು. ಅದಕ್ಕೆ ಮೈಯ ಅಲುಗಾಟ ಹಿಡಿಯುವ ಸೆನ್ಸರ್ ಇರುವ ಒಂದು ಬಟ್ಟೆ ಇದೆಯಂತೆ. ಅದನ್ನು ತೊಟ್ಟ ಮನುಷ್ಯ ಹೇಗೆ ಆಡುತ್ತಾನೋ ಪರದೆಯ ಮೇಲಿನ ರಾಕ್ಷಸ ಹಾಗೇ ಆಡುತ್ತಾನೆ. ಗೊತ್ತಿದ್ದವರೊಬ್ಬರು ಒಂದೇ ಒಂದು ದಿನಕ್ಕೆ ಆ ಬಟ್ಟೆ ಕೊಡುತ್ತಿದ್ದಾರೆ, ಸಂಜೆ ಬಸ್ಸಿಗೆ ವಾಪಸು ಕಳಿಸಬೇಕು. ಆಡುವುದಕ್ಕೆ ಕೋಲಾರದಿಂದ ಕರಾಟೆ ಕಲಿತ ಒಬ್ಬ ಹುಡುಗ ಬರುತ್ತಾನೆ.

ಅಲ್ಲಿಗೆ ನನ್ನ ತಾಳ್ಮೆ ತಪ್ಪಿತು. ರಾಕ್ಷಸನ ಪಾರ್ಟು! ನಮ್ಮ ಹುಳುಮನೆಯಲ್ಲಿ! ಕರಾಟೆ ಹುಡುಗನಿಗೆ!

“ಅವನು ಎಷ್ಟು ಸಲ ಸತ್ತವ್ನೆ ಕೇಳಮ್ಮ,” ಅಂದೆ.

ಸುಷ್ಮಾ ಅತ್ತೆಯ ಮುಖ ನೋಡಿದಳು. ರತ್ನ ಟೀ ಸೋಸುತ್ತಾ, “ಬೇಡ ಕಣೇ. ಆಮೇಲೆ ನನ್ನನ್ನ ಅನ್ಬೇಡ,” ಅಂತಷ್ಟೇ ಹೇಳಿದಳು. ಆದರೆ ಸೋದರಮಾವನ ಮಾತು ತೆಗೆದುಹಾಕುವುದು ನಮ್ಮ ಮನೆ ಹೆಣ್ಣುಮಕ್ಕಳಿಗೆ ಕಷ್ಟ. ಅವಳು ಕೇಳಿದ್ದು ಹುಳುಮನೆಯನ್ನು, ನಾನು ಹುಳುಮನೆಯ ಜೊತೆಗೆ ನನ್ನನ್ನೂ ಕೊಟ್ಟು ಕಳಿಸಿದೆ. ಅವಳು ಬಸ್ ಸ್ಟಾಪ್ ಮುಟ್ಟುವ ಮುಂಚೆ ನಾನು ಟೀ ಅಂಗಡಿ ಮುಟ್ಟಿದ್ದೆ. ನಾರಾಯಣಸ್ವಾಮಿ ವಿಡಿಯೋ ಗೇಮಿಗೆ ಸೆಲೆಕ್ಟ್ ಆದ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿತು. ಹರಡಿದವನು ನಾನೇ.

ಆ ದಿನ ಬೆಳಿಗ್ಗೆ ತೌಸೀಫ್ ಪೆಟ್ಟಿಗೆಯಿಂದ ಬಟ್ಟೆ ತೆಗೆದ. ನಾನು ಕವಚ, ಭುಜಕೀರ್ತಿ, ಕಿರೀಟ ಅಂತೆಲ್ಲ ಅಂದುಕೊಂಡಿದ್ದೆ. ಬಂದದ್ದು ಕರೀ ಬಣ್ಣದ, ಮೈಗೆ ಅಂಟುವ ಒಂದೇ ಚೀಲ. ಅಲ್ಲಲ್ಲಿ ಬೆಂಕಿಪೊಟ್ಟಣದಂಥ ಸೆನ್ಸರುಗಳು, ಅವುಗಳ ನಡುವೆ ಸಣ್ಣ ವೈರುಗಳು. ಇದನ್ನು ಹೊಲಿದವನು ರಾಕ್ಷಸರನ್ನು ಕಂಡವನಲ್ಲ. ಊಟ ಬಿಟ್ಟ ಹುಡುಗರ ಅಳತೆಗೆ ಹೊಲಿದಿದ್ದ. ಕಾಲು ಹೋಯಿತು, ಮಂಡಿ ಹೋಯಿತು, ಹೊಟ್ಟೆಯ ಹತ್ತಿರ ಬಂದು ಬಟ್ಟೆ ನಿಂತಿತು. ತೌಸೀಫ್ ಹಿಂದಿನಿಂದ ಎಳೆದ, ರತ್ನ ಮುಂದಿನಿಂದ ಪೌಡರ್ ಹಾಕಿದಳು. ಉಸಿರು ಬಿಡಬೇಡಿ ಅಂಕಲ್ ಅಂದ. ಬಿಡಲಿಲ್ಲ. ಜಿಪ್ಪು ಮೇಲೆ ಹೋಯಿತು. ಆಮೇಲೆ ಬಿಡೋಣ ಅಂದರೆ ಉಸಿರಿಗೆ ಜಾಗವೇ ಇರಲಿಲ್ಲ.

ರತ್ನ ನನ್ನನ್ನು ಒಂದು ಸುತ್ತು ಬಂದು ನೋಡಿದಳು. “ಹಣ್ಣಾದ ಹುಳ ಇದ್ದಂಗಿದ್ದೀರ. ಎತ್ತಿ ಚಂದ್ರಿಕೆ ತಟ್ಟೆಗೆ ಹಾಕಿದ್ರೆ ಗೂಡು ಕಟ್ತೀರ,” ಅಂದಳು.

ಕಲೆಯನ್ನು ಅರಿಯದವರ ಮಾತಿಗೆ ನಾನು ಉತ್ತರ ಕೊಡುವವನಲ್ಲ. ಉಸಿರಿದ್ದಿದ್ದರೆ ಕೊಡುತ್ತಿದ್ದೆನೋ ಏನೋ.

ನಾನೊಂದು ಷರತ್ತು ಹಾಕಿದ್ದೆ. ಹಾರ್ಮೋನಿಯಂ ಇಲ್ಲದೆ ನನಗೆ ಹೆಜ್ಜೆ ಬರುವುದಿಲ್ಲ. ಹಾಗಾಗಿ ನಮ್ಮ ನಾಟಕದ ಮೇಷ್ಟ್ರು ಅಶ್ವತ್ಥಪ್ಪನವರು ಪೆಟ್ಟಿಗೆ ಸಮೇತ ಬಂದು ಹುಳುಮನೆಯ ಮೂಲೆಯಲ್ಲಿ ಕೂತಿದ್ದರು. ಕಿಟಕಿಗಳಲ್ಲಿ ಊರ ಅರ್ಧ ಜನ. ಸೊಪ್ಪು ಕೊಯ್ಯಲು ಬಂದ ಹೆಂಗಸರು ಕುಡುಗೋಲು ಕೈಯಲ್ಲೇ ಹಿಡಿದು ನಿಂತಿದ್ದರು. ಕಾಣಲಿಲ್ಲ ಅಂದವರಿಗೆ ಜಾಗ ಮಾಡಿಕೊಟ್ಟವನೂ ನಾನೇ.

ಮೊದಲು ಎರಡೂ ಕೈ ಅಗಲಿಸಿ ಅಲ್ಲಾಡದೆ ನಿಲ್ಲಬೇಕು, ಆಗಲೇ ಕಂಪ್ಯೂಟರಿಗೆ ನನ್ನ ಮೈ ಗುರುತು ಸಿಗುವುದು ಅಂದಳು ಸುಷ್ಮಾ. ನಿಂತೆ. ಹೊಲದಲ್ಲಿ ಬೆದರುಬೊಂಬೆ ನಿಲ್ಲುವುದೂ ಹೀಗೇ ಅಂತ ಕಿಟಕಿಯಿಂದ ಯಾರೋ ಅಂದರು. ಯಾರು ಅಂತ ತಿರುಗಿ ನೋಡಿದೆ. ಕಂಪ್ಯೂಟರಿಗೆ ಗುರುತು ತಪ್ಪಿತು. ಮತ್ತೆ ನಿಂತೆ. ಈ ಸಲ ಸೀನು ಬಂತು.

ಕೊನೆಗೆ ಹೇಗೋ ಸರಿಹೋಗಿ ಮೇಷ್ಟ್ರು ಶ್ರುತಿ ಹಿಡಿದರು. ನಾನು ಗತ್ತಿನಿಂದ ಹೆಜ್ಜೆ ಹಾಕಿದೆ. ಗೋಡೆಗೆ ಒರಗಿಸಿದ್ದ ದೊಡ್ಡ ಪರದೆಯಲ್ಲಿ ಎರಡು ಕೊಂಬಿನ ರಾಕ್ಷಸ ನನ್ನಂತೆಯೇ ಹೆಜ್ಜೆ ಹಾಕಿದ. ಎದೆ ನನ್ನದೇ, ಭುಜ ನನ್ನದೇ. ಆದರೆ ಸೊಂಟ ಯಾರದೋ ಆಗಿತ್ತು. ಅವನ ಸೊಂಟ ಹೆಜ್ಜೆಗೊಮ್ಮೆ ಎಡಕ್ಕೆ ಬಳುಕಿ, ಒಂದು ಕ್ಷಣ ಅಲ್ಲೇ ನಿಂತು, ನಾಚಿಕೊಂಡಂತೆ ಬಲಕ್ಕೆ ಬರುತ್ತಿತ್ತು. ಕಿಟಕಿಯಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

“ಮಾವ, ಸೊಂಟ ಸ್ವಲ್ಪ ಗಟ್ಟಿ ಹಿಡ್ಕೊಳ್ಳಿ,” ಅಂದಳು ಸುಷ್ಮಾ.

ನನ್ನ ಸೊಂಟ ಕಂಬದಂತೆ ಗಟ್ಟಿಯಾಗಿತ್ತು. ಬಳುಕಲು ಆ ಬಟ್ಟೆಯೊಳಗೆ ಎಡೆಯೇ ಇರಲಿಲ್ಲ. ತೌಸೀಫ್ ತಲೆ ಕೆರೆದುಕೊಂಡು, ಹತ್ತಿರದಲ್ಲಿ ಕಬ್ಬಿಣ ಇದ್ದರೆ ಸೆನ್ಸರಿಗೆ ದಿಕ್ಕು ತಪ್ಪುತ್ತದೆ ಅಂದ. ಹುಳುಮನೆಯ ತುಂಬ ಗೋಡೆಗೆ ಸರಿಸಿಟ್ಟ ಕಬ್ಬಿಣದ ಸ್ಟ್ಯಾಂಡುಗಳು. ಎಲ್ಲವನ್ನೂ ಹೊರಗೆ ಹಾಕಿಸಿ ಅಂತ ನಾನು ಅಪ್ಪಣೆ ಕೊಟ್ಟೆ. ಕಿಟಕಿಯ ಜನ ಒಳಗೆ ಬಂದು ಒಂದೊಂದೇ ಹೊತ್ತು ಅಂಗಳಕ್ಕೆ ಹಾಕಿದರು. ಆ ಸ್ಟ್ಯಾಂಡುಗಳನ್ನು ತೊಳೆದು ಒಣಗಿಸಿ ಜೋಡಿಸಿದವಳು ರತ್ನ. ಮಾರನೇ ದಿನ ಹೊಸ ಹುಳು ಬರುವುದಿತ್ತು. ನನ್ನ ಹೆಂಡತಿಗೆ ಕೋಪ ಬಂದರೆ ತೆಲುಗು ಬರುತ್ತದೆ. “ಏಮಿದಿ? ಏಮಿದಿ ಇದಂತಾ?” ಅನ್ನುತ್ತಾ ಅಂಗಳಕ್ಕೂ ಹುಳುಮನೆಗೂ ಓಡಾಡಿದಳು.

ಮತ್ತೆ ನಡೆದೆ. ಸೊಂಟ ಮತ್ತೆ ಬಳುಕಿತು. ಈಗ ಇನ್ನೂ ಲಯವಾಗಿ.

ಬಾಗಿಲಿನ ಚಿಲಕ ಬಿಚ್ಚಿದರು. ಹೆಂಗಸರ ಕುಡುಗೋಲುಗಳನ್ನು ಬೇಲಿಯಾಚೆ ಇಡಿಸಿದರು. ಮೇಷ್ಟ್ರ ಹಾರ್ಮೋನಿಯಮ್ಮಿನ ಮೊಳೆಗಳ ಮೇಲೂ ಅನುಮಾನ ಬಂದು, ಅವರು ಮುನಿಸಿಕೊಂಡು, ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಊಟದ ಹೊತ್ತಾಯಿತು. ಮೈಮೇಲೆ ಏನಾದರೂ ಕಬ್ಬಿಣ ಇದೆಯಾ ಅಂತ ಸುಷ್ಮಾ ನನ್ನನ್ನು ಎರಡೆರಡು ಸಲ ಕೇಳಿದಳು. ಇಲ್ಲ ಅಂತ ನಾನು ಎದೆ ತಟ್ಟಿ ಹೇಳಿದೆ. ಎದೆ ತಟ್ಟಿದ್ದಕ್ಕೆ ಪರದೆಯಲ್ಲಿದ್ದ ರಾಕ್ಷಸನೂ ತಟ್ಟಿಕೊಂಡ. ಸೊಂಟ ಮಾತ್ರ ಆಗಲೂ ನಗುತ್ತಿತ್ತು.

ಸ್ಟ್ಯಾಂಡುಗಳ ನಡುವೆ ನಿಂತಿದ್ದ ರತ್ನ ಆಗ ಹೊರಗಿನಿಂದಲೇ ಹೇಳಿದಳು. “ಉಡಿದಾರದಲ್ಲಿ ಆ ಟ್ರಂಕಿನ ಬೀಗದ ಕೈ ಇದೆಯಲ್ಲ, ಅದು ಬಂಗಾರದ್ದಾ?”

ನಾಟಕದ ಸಾಮಾನಿನ ಟ್ರಂಕಿನ ಬೀಗದ ಕೈ ಅದು. ಹಳೇ ಕಾಲದ್ದು, ಗೇಣುದ್ದ, ಅಪ್ಪಟ ಕಬ್ಬಿಣ. ರಾಕ್ಷಸನ ಪಾರ್ಟು ಹಿಡಿದ ದಿನ ಉಡಿದಾರಕ್ಕೆ ಕಟ್ಟಿಕೊಂಡವನು ಸ್ನಾನಕ್ಕೂ ಬಿಚ್ಚಿಲ್ಲ. ಸತ್ಯವಾಗಿ ಹೇಳುತ್ತೇನೆ, ಅದು ಒಂದು ಸಾಮಾನು ಅನ್ನುವುದೇ ನನಗೆ ಮರೆತುಹೋಗಿತ್ತು. ಕಿವಿ, ಮೂಗು ಇದ್ದ ಹಾಗೆ ಅದೂ ಇತ್ತು. ಸುಷ್ಮಾ ಗಡಿಯಾರ ನೋಡಿದಳು. ಬೆಳಗಿನ ಹೊತ್ತೆಲ್ಲ ಹೋಗಿತ್ತು, ರಾಕ್ಷಸ ಇನ್ನೂ ಒಂದು ಹೆಜ್ಜೆ ನೆಟ್ಟಗೆ ಇಟ್ಟಿರಲಿಲ್ಲ. ಜಿಪ್ಪು ಇಳಿಸಿ, ಬೀಗದ ಕೈ ಬಿಚ್ಚಿ, ಮತ್ತೆ ಪೌಡರ್ ಹಾಕಿ, ಮತ್ತೆ ಉಸಿರು ಹಿಡಿದು ಬಟ್ಟೆ ಹತ್ತಿಸಿದರು. ಬೀಗದ ಕೈಯನ್ನು ರತ್ನ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಊಟವಾದ ಮೇಲೆ ರಾಕ್ಷಸ ಗಂಡಸಾದ. ಅದನ್ನು ನೋಡಿ ನನಗೆ ಎಷ್ಟು ಹುಮ್ಮಸ್ಸು ಬಂತೆಂದರೆ, ಸುಷ್ಮಾ ಹೇಳಿದ್ದನ್ನು ಕೇಳುವುದೇ ಬಿಟ್ಟೆ. ಅವಳು ನೇರವಾಗಿ ನಡೆದು ಹೋಗಿ, ತಿರುಗಿ, ವಾಪಸು ಬನ್ನಿ ಅಂದಳು. ನಾನು ಅಡ್ಡಡ್ಡ ಹೋಗಿ ಅಡ್ಡಡ್ಡ ಬಂದೆ. ಯಾಕೆ ಅಂದಳು. ಸಭೆಗೆ ಬೆನ್ನು ತೋರಿಸಬಾರದಲ್ಲ! ಇಲ್ಲಿ ಸಭೆ ಇಲ್ಲ ಮಾವ, ರಾಕ್ಷಸ ನಾಲ್ಕೂ ಕಡೆ ತಿರುಗಬೇಕು ಅಂತ ಬೇಡಿಕೊಂಡಳು. ಗೇಮ್ ಆಡುವವರು ಕೂತು ನೋಡುತ್ತಿರುತ್ತಾರಲ್ಲ, ಅವರು ಸಭೆಯಲ್ಲದೆ ಮತ್ತೇನು ಅಂದೆ. ಮೇಷ್ಟ್ರು ಹೌದು ಅಂತ ತಲೆಯಾಡಿಸಿದರು. ಎಷ್ಟು ಸಲ ತಿರುಗಿಸಿದರೂ ನನ್ನ ಮೈ ತಾನಾಗಿ ಹಾರ್ಮೋನಿಯಂ ಕಡೆಗೇ ಬರುತ್ತಿತ್ತು. ಪಾಠ ಅಷ್ಟು ಗಟ್ಟಿ.

ಆಮೇಲೆ ತೊಡೆ ತಟ್ಟಿದೆ. ಅದನ್ನು ಅವಳು ಕೇಳಿಯೇ ಇರಲಿಲ್ಲ. ಆದರೆ ತೊಡೆ ತಟ್ಟದ ರಾಕ್ಷಸನನ್ನು ನಮ್ಮ ಕಡೆ ಯಾರೂ ರಾಕ್ಷಸ ಅನ್ನುವುದಿಲ್ಲ. ಎಡ ತೊಡೆ, ಬಲ ತೊಡೆ, ಕುಣಿದು ಎರಡೂ ತೊಡೆ ತಟ್ಟಿದೆ, ಕಿಟಕಿಗಳು ಶಿಳ್ಳೆ ಹೊಡೆದವು. ಇನ್ನು ಹೊಡೆದಾಟ ಮಾಡೋಣ, ಗದೆ ಬೀಸುವುದು, ಒದೆಯುವುದು, ಗುದ್ದುವುದು ಎಲ್ಲ ಬಾಕಿ ಇದೆ, ಅದೇ ಮುಖ್ಯ ಅಂದಳು ಸುಷ್ಮಾ. ನಾನು ಮೊದಲು ಸಾಯುತ್ತೇನೆ ಅಂದೆ. ಮೈ ಬಿಸಿ ಇರುವಾಗಲೇ ಸತ್ತರೆ ಚೆಂದ, ಹೊಡೆದಾಟ ಆಮೇಲೆ ಯಾವಾಗ ಬೇಕಾದರೂ ಮಾಡಬಹುದು. ಅವಳು ತೌಸೀಫನ ಮುಖ ನೋಡಿದಳು. ಬೇಗ ಸಾಯಲಿ ಬಿಡು ಅನ್ನುವ ಹಾಗೆ ಅವನು ಕೈಯಾಡಿಸಿದ.

“ಎರಡು ಸೆಕೆಂಡ್ ಸಾಕು ಮಾವ. ಏಟು ಬಿತ್ತು, ಬಿದ್ರಿ, ಮುಗೀತು.”

ಎರಡು ಸೆಕೆಂಡ್! ಅಷ್ಟರಲ್ಲಿ ಸೊಳ್ಳೆಯೂ ಸಾಯುವುದಿಲ್ಲ. ನಾನು ಆಯಿತು ಅಂದು ಮೇಷ್ಟ್ರಿಗೆ ಕಣ್ಣು ಹೊಡೆದೆ.

ಅವತ್ತು ನಾನು ಸತ್ತ ಹಾಗೆ ಈ ಜನ್ಮದಲ್ಲಿ ಸತ್ತಿಲ್ಲ. ಬೆಳಗಿನಿಂದ ಆದ ಅವಮಾನವೆಲ್ಲ ಆ ಸಾವಿನೊಳಗೆ ಬಂತು. ಉಸಿರು ಹೇಗೂ ಸಿಗುತ್ತಿರಲಿಲ್ಲ, ನಟಿಸುವ ಕೆಲಸ ಅರ್ಧ ಕಮ್ಮಿಯಾಯಿತು. ಕೈ ಎದೆಗೆ ಹೋಯಿತು, ಮೊಣಕಾಲು ಊರಿತು, ಮೇಷ್ಟ್ರು ಶೋಕರಾಗ ಎತ್ತಿದರು. ಹಾಡುತ್ತಾ ಎದ್ದೆ, ತೂರಾಡಿದೆ, ಬಿದ್ದೆ, ಒಂದು ಕೈಯನ್ನು ಆಕಾಶಕ್ಕೆ ಚಾಚಿ ಬೆರಳು ಒಂದೊಂದೇ ಮಡಿಸಿದೆ. ಕಿಟಕಿಯಲ್ಲಿ ಒಬ್ಬ ಅಜ್ಜಿ ಅಯ್ಯೋ ಪಾಪಂ ಅಂದದ್ದು ಕೇಳಿಸಿತು. ಕಣ್ಣು ಮುಚ್ಚಿದೆ.

ಆಮೇಲೆ ಎಲ್ಲ ಕಿಟಕಿಗಳೂ ಒಟ್ಟಿಗೆ ಕೂಗಿದವು: “ಒನ್ಸ್ ಮೋರ್!”

ಏಳಬಾರದಿತ್ತು. ಎದ್ದೆ. ನಾನು ಏಳಲಿಲ್ಲ, ಮೈ ಎದ್ದಿತು. ಎದ್ದು ಸಭೆಗೆ ಎರಡೂ ಕೈ ಜೋಡಿಸಿ ತಲೆ ಬಾಗಿಸಿ, ಎದೆ ಹಿಡಿದುಕೊಂಡು, ಮೊದಲಿನಿಂದ ಸತ್ತೆ. ಎರಡನೇ ಸಾವು ಮೊದಲನೆಯದಕ್ಕಿಂತ ಒಂದು ತೂಕ ಹೆಚ್ಚೇ ಬಂತು.

ಸತ್ತು ಬಿದ್ದವನ ಹತ್ತಿರ ಯಾರೋ ಬಂದು ಕೂತಂತಾಯಿತು. ಒಂದು ಕಣ್ಣು ಸಣ್ಣಗೆ ತೆರೆದು ನೋಡಿದರೆ ರತ್ನ! ಅವಳ ಕಣ್ಣಲ್ಲಿ ನೀರು. ಹಗಲಿನಲ್ಲಿ, ಎಚ್ಚರವಾಗಿದ್ದು, ಗಂಡ ಸಾಯುವುದನ್ನು ಅವಳು ಮೊದಲನೇ ಸಲ ಪೂರ್ತಿ ನೋಡಿದ್ದಳು. “ಇಷ್ಟು ಚೆನ್ನಾಗಿ ಸಾಯ್ತೀರ ಅಂತ ನಂಗೆ ಗೊತ್ತೇ ಇರಲಿಲ್ಲ,” ಅಂದಳು ಮೆಲ್ಲಗೆ. ಕುಪ್ಪಸದೊಳಗಿನ ಪರ್ಸಿನಿಂದ ಒಂದು ನೋಟು ತೆಗೆದು, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ನನ್ನ ಎದೆಗೆ ಚುಚ್ಚಿದಳು.

ಅಂಥ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಆಗಿದ್ದು ಒಂದೇ ಕ್ಷಣ. ಪರದೆಯಲ್ಲಿ ಬಿದ್ದಿದ್ದ ರಾಕ್ಷಸ ಇದ್ದಕ್ಕಿದ್ದಂತೆ ಗಿರಗಿರ ತಿರುಗಿ, ಸೂರು ಕಿತ್ತುಕೊಂಡು ಮೇಲೆ ಹೋದ. ವಾಪಸು ಬರಲಿಲ್ಲ.

ಪಿನ್ನು ಎದೆಯ ಮೇಲಿನ ವೈರಿನ ನಟ್ಟನಡುವೆ ತೂರಿತ್ತು. ತೌಸೀಫ್ ಬಗ್ಗಿ ನೋಡಿ, ಸೆನ್ಸರ್ ಉಳಿದಿದೆ, ವೈರು ಬದಲಾಯಿಸಬಹುದು, ಆದರೆ ಅದು ಇಲ್ಲಿ ಸಿಗುವುದಲ್ಲ, ಇವತ್ತಿಗೆ ಆಗುವುದಿಲ್ಲ ಅಂದ. ಸಂಜೆ ಬಸ್ಸಿಗೆ ಬಟ್ಟೆ ಹೋಗಬೇಕು. ಹೊಡೆದಾಟ ಒಂದೂ ಆಗಿಲ್ಲ. ರಾಕ್ಷಸನಿಗೆ ಅಡ್ಡಡ್ಡ ನಡೆಯಲು ಬರುತ್ತದೆ, ತೊಡೆ ತಟ್ಟಲು ಬರುತ್ತದೆ, ಎರಡೆರಡು ಸಲ ಸಾಯಲು ಬರುತ್ತದೆ. ಹೊಡೆಯಲು ಬರುವುದಿಲ್ಲ. ಕಿಟಕಿಗಳಿಂದ ಜನ ಒಬ್ಬೊಬ್ಬರೇ ಕರಗಿದರು. ರತ್ನ ಪಿನ್ನು ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟಳು. ಅವಳಿಗೆ ಬೈಯುವ ಬಾಯಿ ನನಗಿರಲಿಲ್ಲ, ನನಗೆ ಬೈಯುವ ಬಾಯಿ ಸುಷ್ಮಾಗೆ ಇರಲಿಲ್ಲ. ಬಟ್ಟೆ ಮಡಿಸಿ ಪೆಟ್ಟಿಗೆಗೆ ಹಾಕುತ್ತಾ, “ಇರಲಿ ಬಿಡಿ ಅತ್ತೆ, ಫ್ಯಾಕ್ಟರಿ ಬಸ್ಸಲ್ಲಿ ಎಸಿ ಇರುತ್ತಂತೆ,” ಅಂದಳು. ಅಂದು ನಕ್ಕಳು. ಅವಳ ಒಂದೇ ದಿನವನ್ನು ನಾನು ಸತ್ತು ಸತ್ತು ಮುಗಿಸಿದ್ದೆ.

ಆ ವಾರ ನಾನು ಟೀ ಅಂಗಡಿ ಕಡೆ ತಲೆ ಹಾಕಲಿಲ್ಲ. ಹುಳು ಬಂದವು. ನಾನು ಬಾಯಿ ಮುಚ್ಚಿಕೊಂಡು ಸೊಪ್ಪು ಕೊಯ್ದೆ, ಸೊಪ್ಪು ಹಾಕಿದೆ, ಕಸ ತೆಗೆದೆ. ಗಂಡನಿಗೆ ಹುಷಾರಿಲ್ಲ ಅಂತ ರತ್ನಳಿಗೆ ಅನುಮಾನ ಬಂತು.

ಕಂಪನಿಯವರು ಬರುವ ದಿನ ಬಂತು. ಬೆಳಗಿನಿಂದ ನಾನು ಫೋನನ್ನು ನೋಡುತ್ತಲೇ ಇದ್ದೆ, ಅದೂ ನನ್ನನ್ನು ನೋಡುತ್ತಲೇ ಇತ್ತು. ಸಂಜೆ ಸೊಪ್ಪು ಹಾಕುವ ಹೊತ್ತಿಗೆ ಬಡಿದುಕೊಂಡಿತು. ಸುಷ್ಮಾ ಒಂದೇ ಉಸಿರಿಗೆ ಮಾತಾಡುತ್ತಿದ್ದಳು. ಹಿಂದೆ ತೌಸೀಫ್ ಕುಣಿಯುತ್ತಿರುವ ಸದ್ದು ನನಗೂ ಕೇಳುತ್ತಿತ್ತು.

ಆಗಿದ್ದು ಇಷ್ಟು. ಬೇರೆ ದಾರಿಯಿಲ್ಲದೆ ಅವರಿಬ್ಬರೂ ಇದ್ದದ್ದನ್ನೇ ಇಟ್ಟುಕೊಂಡು ರಾಕ್ಷಸನನ್ನು ಕಟ್ಟಿದ್ದರು. ಗೇಮಿನಲ್ಲಿ ಆಡುವವರು ಎತ್ತ ಓಡಿದರೂ ಅವನು ಬೆನ್ನು ತೋರಿಸುವುದಿಲ್ಲ, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಮುಖ ತೋರಿಸಿಕೊಂಡೇ ಬರುತ್ತಾನೆ. ಅವನಿಗೆ ಗದೆ ಇಲ್ಲ, ಗುದ್ದಿಲ್ಲ. ತೊಡೆ ತಟ್ಟುತ್ತಾನೆ, ತಟ್ಟಿದರೆ ನೆಲ ನಡುಗಿ ಎದುರಿನವರು ಬೀಳುತ್ತಾರೆ. ಕಷ್ಟಪಟ್ಟು ಅವನನ್ನು ಸಾಯಿಸಿ ಗೆದ್ದೆ ಅಂತ ಕೈ ಬಿಡುವ ಹೊತ್ತಿಗೆ, ಸತ್ತವನು ಎದ್ದು, ಆಡುವವರಿಗೆ ಕೈಮುಗಿದು, ಮತ್ತೆ ಹಾಡಿಕೊಂಡು ಸಾಯುತ್ತಾನೆ! ಕಂಪನಿಯಿಂದ ಬಂದ ಮೂವರೂ ಅಲ್ಲಿ ನಗಲು ಶುರುಮಾಡಿದವರು ಕುರ್ಚಿ ಹಿಡಿದುಕೊಂಡು ನಕ್ಕರಂತೆ. ಇಂಥ ರಾಕ್ಷಸನನ್ನು ಎಲ್ಲೂ ಕಂಡಿಲ್ಲ, ಗೇಮ್ ನಾವು ತೆಗೆದುಕೊಳ್ಳುತ್ತೇವೆ ಅಂತ ಕೂತಲ್ಲೇ ಒಪ್ಪಿದರಂತೆ. ಈ ಐಡಿಯಾ ಹೇಗೆ ಬಂತು ಅಂತ ಕೇಳಿದ್ದಕ್ಕೆ, ತುಂಬಾ ರಿಸರ್ಚ್ ಮಾಡಿದೆವು ಅಂತ ತೌಸೀಫ್ ಗಂಭೀರವಾಗಿ ಹೇಳಿದನಂತೆ.

ರತ್ನ ಸೊಪ್ಪಿನ ಬುಟ್ಟಿ ಅಲ್ಲೇ ಇಟ್ಟು ಕಣ್ಣೊರೆಸಿಕೊಂಡಳು. ಭಾವ ಶ್ರೀನಿವಾಸಪುರದಿಂದ ಫೋನ್ ಮಾಡಿ, ತಮಗೆ ಮೊದಲಿನಿಂದಲೂ ನಂಬಿಕೆ ಇತ್ತು ಅಂದರು. ನಾನು ಅಂಗಿ ಬದಲಾಯಿಸಿ ಟೀ ಅಂಗಡಿಗೆ ಹೊರಟೆ.

ಗೂಡು ಬಿಡಿಸಿ ಹುಳುಮನೆ ಮತ್ತೆ ಖಾಲಿಯಾದಾಗ ಸುಷ್ಮಾ ಊರವರಿಗೆಲ್ಲ ಗೇಮ್ ತೋರಿಸಲು ಬಂದಳು. ನಾನು ಇಸ್ತ್ರಿ ಅಂಗಿ ಹಾಕಿ ಮುಂದಿನ ಕುರ್ಚಿಯಲ್ಲಿ ಕೂತೆ. ರಾಕ್ಷಸ ಬಂದ. ಜನ ಚಪ್ಪಾಳೆ ತಟ್ಟಿದರು. ಸತ್ತ, ಎದ್ದ, ಕೈಮುಗಿದ, ಮತ್ತೆ ಸತ್ತ. ಒಳ್ಳೇ ಚಪ್ಪಾಳೆ. ನಾನು ಎದ್ದು ನಿಂತು ನಮಸ್ಕಾರ ಮಾಡಬೇಕು ಅನ್ನುವಷ್ಟರಲ್ಲಿ ಗೇಮು ಮುಂದಕ್ಕೆ ಹೋಯಿತು. ಅರಮನೆ ಬಂತು. ಅರಮನೆಯೊಳಗೆ ಕೆಂಪು ಸೀರೆಯ ಒಬ್ಬ ನರ್ತಕಿ ಬಂದಳು.

ಏನು ನಡಿಗೆ ಅದು! ಹೆಜ್ಜೆಗೊಮ್ಮೆ ಸೊಂಟ ಎಡಕ್ಕೆ ಬಳುಕಿ, ಒಂದು ಕ್ಷಣ ಅಲ್ಲೇ ನಿಂತು, ನಾಚಿಕೊಂಡಂತೆ ಬಲಕ್ಕೆ ಬರುತ್ತಿತ್ತು. ಹಿಂದಿನಿಂದ ಶಿಳ್ಳೆಗಳು ಶುರುವಾದವು. ಆ ಶಿಳ್ಳೆಯ ಕಾಲುಭಾಗವೂ ರಾಕ್ಷಸನಿಗೆ ಬಿದ್ದಿರಲಿಲ್ಲ. ನನಗೂ, ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಯಾರಪ್ಪ ಈ ಹುಡುಗಿ ಅನ್ನಿಸಿತು. ಮರುಗಳಿಗೆ ಆ ಸೊಂಟವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಸುಷ್ಮಾ ಕಡೆ ತಿರುಗಿದೆ. ಅವಳು ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು, “ಬೆಳಿಗ್ಗೆದೆಲ್ಲ ವೇಸ್ಟ್ ಮಾಡೋಕೆ ಮನಸು ಬರಲಿಲ್ಲ ಮಾವ,” ಅಂದಳು.

ಮೇಷ್ಟ್ರಿಗೆ ಇದೊಂದೂ ಹೊಳೆದಿರಲಿಲ್ಲ. ಅವರು ಎದ್ದು ನಿಂತು ಕನ್ನಡಕ ಒರೆಸಿಕೊಂಡು ಸುಷ್ಮಾಳನ್ನು ಕೇಳಿದರು. “ಯಾವೂರಮ್ಮ ಈ ಹುಡುಗಿ? ಒಂದು ನಂಬರ್ ಕೊಡು. ನಮ್ಮ ನಾಟಕಕ್ಕೆ ಇಂಥ ನರ್ತಕಿ ಸಿಗದೆ ಎಷ್ಟು ವರ್ಷದಿಂದ ಒದ್ದಾಡ್ತಿದೀನಿ.”

“ನಂಬರ್ ಯಾಕೆ ಮೇಷ್ಟ್ರೇ,” ಅಂದಳು ರತ್ನ. “ನಮ್ಮನೇಲೇ ಅವ್ಳೆ. ದಿನಾ ನಂಜೊತೆ ಸೊಪ್ಪು ಕುಯ್ಯೋಕೆ ಬರ್ತಾಳೆ.”

ಅದು ಅರ್ಥವಾಗಲು ಜನಕ್ಕೆ ಒಂದು ಕ್ಷಣ ಹಿಡಿಯಿತು. ಆಮೇಲೆ ಹುಳುಮನೆಯ ಶೀಟು ಹಾರಿಹೋಗುವ ಹಾಗೆ ನಕ್ಕರು. ನಕ್ಕು ಸುಸ್ತಾದ ಮೇಲೆ ಎಲ್ಲರೂ ಸೇರಿ ಕೂಗಿದರು, ‘ಒನ್ಸ್ ಮೋರ್’ ಅಂತ. ರಾಕ್ಷಸನಿಗಲ್ಲ.

ಮೇಷ್ಟ್ರು ಅದನ್ನು ಹಾಸ್ಯ ಅಂದುಕೊಂಡು ಬಿಡುವ ಮನುಷ್ಯರಲ್ಲ. ಮಾರನೇ ದಿನ ಮನೆಗೇ ಬಂದು, ಈ ವರ್ಷದ ನಾಟಕದಲ್ಲಿ ನರ್ತಕಿಯ ಪಾರ್ಟು ನನಗೇ ಅಂತ ಹೇಳಿಹೋದರು. ರಾಕ್ಷಸನ ಪಾರ್ಟಿಗೆ ಆ ಕೋಲಾರದ ಕರಾಟೆ ಹುಡುಗನನ್ನು ಮಾತಾಡಿದ್ದಾರಂತೆ. ರತ್ನ ಈಗಲೇ ಪಿನ್ನು, ನೋಟು ಎರಡೂ ತೆಗೆದಿಟ್ಟಿದ್ದಾಳೆ. ನಾನೂ ಒಪ್ಪಿಕೊಂಡು ಹಿತ್ತಲಿನಲ್ಲಿ ಯಾರೂ ಇಲ್ಲದಾಗ ಅಭ್ಯಾಸ ಮಾಡುತ್ತಿದ್ದೇನೆ. ಬೀಗದ ಕೈ ಈಗ ಹೆಂಡತಿಯ ಸೊಂಟದಲ್ಲಿದೆ, ಕೇಳಿದರೆ ಕೊಡುವುದಿಲ್ಲ. ಅದಿಲ್ಲದೆ ಎಷ್ಟು ಕುಣಿದರೂ ನನ್ನ ಸೊಂಟ ಕಂಬದ ಹಾಗೆ ನೆಟ್ಟಗೇ ನಿಂತಿರುತ್ತದೆ.